ಮುಳ್ಳಿನ ಕಾಲರ್ ಬಿಟ್ಟು ಬೇರೆ ದಾರಿ ಇದೆಯೇ?

ಪ್ರಶ್ನೆ: ಕತ್ರಿಗುಪ್ಪೆ ಓದುಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ನಾಯಿ ಭೀಮನಿಗೆ ಎರಡು ವರ್ಷ. ಅರ್ಧ ಲ್ಯಾಬ್ರಡಾರ್, ಅರ್ಧ ನಾಡತಳಿ, ತೂಕ ಮೂವತ್ತು ಕಿಲೋ ಹತ್ತಿರ. ಮನೆಯೊಳಗೆ ಅವನಷ್ಟು ಸಾಧು ಬೇರೆ ಯಾರೂ ಇಲ್ಲ. ಹೊರಗೆ ಕಾಲಿಟ್ಟರೆ ಮಾತ್ರ ಎಳೆತ ಶುರು. ನಂದಿನಿ ಬೂತಿನ ಬಳಿ ಮಲಗಿರುವ ಬೀದಿ ನಾಯಿಗಳನ್ನು ಕಂಡರೆ ಅವುಗಳ ಕಡೆಗೇ ನುಗ್ಗುತ್ತಾನೆ. ಊಟ ತಲುಪಿಸಲು ಬರುವ ಹುಡುಗರ ಹೆಲ್ಮೆಟ್ ಕಂಡರೆ ಬೊಗಳುತ್ತಾನೆ. ನನ್ನ ಮಾವನವರಿಗೆ ಮಂಡಿ ಶಸ್ತ್ರಚಿಕಿತ್ಸೆ ಆಗಿದೆ. ಸಂಜೆ ಅವನನ್ನು ಕರೆದುಕೊಂಡು ಹೋಗುವುದು ಅವರಿಗೆ ಬಹಳ ಇಷ್ಟ, ಆದರೆ ಒಮ್ಮೆ ಮುಗ್ಗರಿಸಿ ಬೀಳುವುದರಲ್ಲಿದ್ದರು.

ಮನೆಗೇ ಬರುವ ತರಬೇತುದಾರರೊಬ್ಬರನ್ನು ಗೊತ್ತುಮಾಡಿದೆವು. ಅವರು ಮೊದಲ ವಾರವೇ ಒಳಮುಖವಾಗಿ ಕಬ್ಬಿಣದ ಮೊನೆಗಳಿರುವ ಕಾಲರ್ ಹಾಕಿಸಿದರು. ಭೀಮ ಒಮ್ಮೆ ಕಿರುಚಿದ, ಆಮೇಲೆ ಸದ್ದಿಲ್ಲದೆ ಪಕ್ಕದಲ್ಲಿ ನಡೆದ. ಮನೆಯವರೆಲ್ಲ ಸಂತೋಷಪಟ್ಟರು. ಈಗ ನಾನು ಗೋಡೆಯ ಮೊಳೆಯಿಂದ ಹಗ್ಗ ತೆಗೆದರೆ ಸಾಕು, ದಿವಾನದ ಕೆಳಗೆ ಹೋಗಿ ಸೇರಿಕೊಳ್ಳುತ್ತಾನೆ. ಹೋದ ವಾರ ಲಿಫ್ಟಿನ ಬಾಗಿಲು ತೆರೆದಾಗ ಎದುರಿಗಿದ್ದ ಊಟ ತಲುಪಿಸುವ ಹುಡುಗನ ಮೇಲೆ ಬೊಗಳದೆಯೇ ಹಾರಿದ. ಅದೃಷ್ಟವಶಾತ್ ಹಲ್ಲು ತಾಗಲಿಲ್ಲ. ಇನ್ನು ರಿಮೋಟಿನಿಂದ ಕರೆಂಟು ಕೊಡುವ ಕಾಲರ್ ತರಿಸೋಣ, ಮೆತ್ತಗೆ ಕಲಿಸಿದರೆ ಇಂಥ ನಾಯಿ ತಲೆಯ ಮೇಲೆ ಕೂರುತ್ತದೆ ಎಂದು ತರಬೇತುದಾರರು ಹೇಳುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ನೋಯಿಸದೆ ತಿದ್ದಲು ನಿಜವಾಗಿ ಸಾಧ್ಯವೇ? ಮಾಡಿ ನೋಡಿದವರು ಯಾರಾದರೂ ದಯವಿಟ್ಟು ಹೇಳಿ.

ಉತ್ತರ: ವಿಜಯನಗರದ ಹಿರಿಯ

ತಾಯಿ, ಕರೆಂಟಿನ ಕಾಲರ್ ಖಂಡಿತ ಬೇಡ. ಮೂಕಪ್ರಾಣಿಗೆ ಹಾಗೆ ಮಾಡಬಾರದು. ಆದರೆ ಎಳೆದಾಗ ಕೊರಳಿಗೆ ಬಿಗಿಯುವ ಸರಪಳಿ, ಚೋಕ್ ಚೈನಿನ ಬಗ್ಗೆ ನನ್ನ ಅನುಭವ ಬೇರೆ. ನಮ್ಮ ತಂದೆಯವರ ಕಾಲದಿಂದಲೂ ಮನೆಯಲ್ಲಿ ಆಲ್ಸೇಷಿಯನ್ ನಾಯಿಗಳನ್ನು ಸಾಕಿದ್ದೇವೆ. ಕೈ ಪಳಗಿದವರು ಒಂದು ಸಣ್ಣ ಜಗ್ಗು ಕೊಟ್ಟು ತಕ್ಷಣ ಸಡಿಲಿಸಿದರೆ ನಾಯಿಗೆ ಅರ್ಥವಾಗುತ್ತದೆ. ಮನೆಗೊಬ್ಬ ಯಜಮಾನ ಇದ್ದಾನೆ ಎಂದು ಅದಕ್ಕೆ ತಿಳಿಯಲೇಬೇಕು. ನಿಮ್ಮ ಮಾವನವರ ವಯಸ್ಸಿನವರು ಮೂವತ್ತು ಕಿಲೋ ನಾಯಿಯನ್ನು ಬರೀ ಬೆಲ್ಟಿನಲ್ಲಿ ಹಿಡಿಯುವುದು ಅಪಾಯ ಎಂಬುದನ್ನೂ ಯೋಚಿಸಿ.

ಉತ್ತರ: ನಿವೃತ್ತ ಪಶುವೈದ್ಯೆ, ಮಲ್ಲೇಶ್ವರ

ನಾನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ, ಸರ್ಕಾರಿ ಸೇವೆ ಮುಗಿಸಿದವಳು. ಈಗ ನಾಯಿಗಳ ನಡವಳಿಕೆಯ ತೊಂದರೆ ಹೊತ್ತು ಬರುವ ಮನೆಯವರಿಗೆ ತಿಳಿದಷ್ಟು ಹೇಳಿಕೊಡುತ್ತೇನೆ. ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳು ನನಗೆ ಬಹಳ ಮುಖ್ಯವೆನಿಸಿದವು: ಹಗ್ಗ ಕಂಡರೆ ಅಡಗಿಕೊಳ್ಳುವುದು, ಬೊಗಳದೆಯೇ ಹಾರುವುದು. ಎರಡೂ ಆ ಕಾಲರಿನ ಫಲ ಎಂದೇ ನನಗೆ ಕಾಣುತ್ತದೆ. ಅದನ್ನು ಇಂದೇ ತೆಗೆದುಬಿಡಿ.

ಮುಳ್ಳಿನ ಕಾಲರ್ ಕೆಲಸ ಮಾಡುವುದು ನೋವಿನಿಂದ. ನಾಯಿ ಮುಂದಕ್ಕೆ ಎಳೆದಾಗ ಮೊನೆಗಳು ಕೊರಳನ್ನು ಸುತ್ತಲೂ ಒತ್ತುತ್ತವೆ, ನಿಂತಾಗ ಬಿಡುತ್ತವೆ. ಅದು ನೋಯಿಸುವುದಿಲ್ಲ, ಎಚ್ಚರಿಸುತ್ತದೆ ಅಷ್ಟೆ ಎಂದು ಮಾರುವವರು ಹೇಳುತ್ತಾರೆ. ನೋಯದಿದ್ದರೆ ಇಷ್ಟು ಬಲವಾದ ನಾಯಿ ನಿಲ್ಲಲು ಕಾರಣವೇ ಇರುತ್ತಿರಲಿಲ್ಲ. ವಿಷಯ ಇಷ್ಟೇ ಆಗಿದ್ದರೂ ನಾನು ಬೇಡ ಎನ್ನುತ್ತಿದ್ದೆ. ಆದರೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನೋವಾದ ಕ್ಷಣದಲ್ಲಿ "ನಾನು ಎಳೆದದ್ದಕ್ಕೆ ಹೀಗಾಯಿತು" ಎಂದು ನಾಯಿ ಲೆಕ್ಕ ಹಾಕುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಅದರ ಕಣ್ಣು ಆ ಕ್ಷಣ ಯಾರ ಮೇಲಿದೆ ಎಂದು ನೋಡಿ. ಹೆಲ್ಮೆಟ್ ಹಾಕಿದ ಹುಡುಗನ ಮೇಲೆ. ಅವನು ಕಂಡಾಗಲೆಲ್ಲ ಕೊರಳು ಚುಚ್ಚುತ್ತದೆ. ಗಂಟೆಯ ಸದ್ದಿಗೆ ಜೊಲ್ಲು ಸುರಿಸಲು ನಾಯಿ ಕಲಿಯುತ್ತದೆ ಎಂದು ಪಾವ್ಲೊವ್ ಅವರ ಹೆಸರಿನಲ್ಲಿ ನಾವೆಲ್ಲ ಶಾಲೆಯಲ್ಲಿ ಓದಿದ್ದೇವಲ್ಲ, ಅದೇ ಕಲಿಕೆ ಇಲ್ಲಿ ತಿರುಗುಮುರುಗಾಗಿ ನಡೆಯುತ್ತದೆ. ಮೊದಲು ಭೀಮನಿಗೆ ಆ ಹುಡುಗನ ಬಗ್ಗೆ ಬರೀ ಅನುಮಾನವಿತ್ತು. ಈಗ ಅವನು ಬಂದರೆ ನೋವಾಗುತ್ತದೆ ಎಂಬುದಕ್ಕೆ ದಿನವೂ ಸಾಕ್ಷಿ ಸಿಗುತ್ತಿದೆ.

ಇನ್ನು ಬೊಗಳದೆ ಹಾರಿದ್ದು. ಗುರುಗುಟ್ಟುವುದು, ಬೊಗಳುವುದು ನಾಯಿ ಕೊಡುವ ಎಚ್ಚರಿಕೆ: ನನಗೆ ಭಯವಾಗುತ್ತಿದೆ, ದೂರ ಹೋಗು ಎಂದು. ಬೊಗಳಿದಾಗಲೆಲ್ಲ ಶಿಕ್ಷೆ ಬಿದ್ದರೆ ಅದು ಎಚ್ಚರಿಕೆಯನ್ನು ನಿಲ್ಲಿಸುತ್ತದೆ, ಭಯ ಹಾಗೆಯೇ ಉಳಿಯುತ್ತದೆ. ಆಮೇಲೆ ಜನ ಬಂದು "ಯಾವ ಸೂಚನೆಯೂ ಇಲ್ಲದೆ ಕಚ್ಚಿತು" ಎನ್ನುತ್ತಾರೆ. ಇಂಥ ನಾಯಿಗೆ ಕರೆಂಟು ಕೊಡುವುದೆಂದರೆ ಇನ್ನೂ ಹೆಚ್ಚು ಹೆದರಿದ ನಾಯಿಯನ್ನು ನಿಮ್ಮ ಲಿಫ್ಟಿನಲ್ಲಿ ನಿಲ್ಲಿಸುವುದು. ದಯವಿಟ್ಟು ಮಾಡಬೇಡಿ.

ವಿಜಯನಗರದ ಹಿರಿಯರಿಗೆ ಗೌರವದಿಂದಲೇ ಹೇಳುತ್ತೇನೆ: ಚೋಕ್ ಚೈನಿನ ಜಗ್ಗು ಸಣ್ಣದೇ ಇರಲಿ, ಅದು ಬೀಳುವ ಜಾಗ ನೋಡಿ. ಶ್ವಾಸನಾಳ, ಥೈರಾಯ್ಡ್ ಗ್ರಂಥಿ, ತಲೆಯ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳು, ಮುಂಗಾಲಿನ ನರಗಳ ಬೇರುಗಳು ಎಲ್ಲವೂ ಅಲ್ಲಿವೆ. ನಾಯಿ ಸಾದಾ ಕಾಲರಿನಲ್ಲಿ ಎಳೆದಾಗಲೂ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಎದೆಗೆ ಹಾಕುವ ಹಾರ್ನೆಸ್ಸಿನಲ್ಲಿ ಹಾಗೆ ಏರುವುದಿಲ್ಲ ಎಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಮ್ಮೂರಿನ ಮನೆಮನೆಯಲ್ಲಿರುವ ಪೊಮೆರೇನಿಯನ್ ಜಾತಿಯ ಪುಟ್ಟ ನಾಯಿಗಳಲ್ಲಿ ಶ್ವಾಸನಾಳ ಕುಸಿಯುವ ಕಾಯಿಲೆ ಸಾಮಾನ್ಯ. ಅವುಗಳ ಕೊರಳಿಗೆ ಹಗ್ಗ ಕಟ್ಟಿ ಎಳೆಯುವುದನ್ನು ಕಂಡಾಗ ನನಗೆ ಸುಮ್ಮನೆ ಹೋಗಲು ಆಗುವುದಿಲ್ಲ, ನಿಲ್ಲಿಸಿ ಹೇಳುತ್ತೇನೆ.

ಯಜಮಾನಿಕೆಯ ಮಾತು ಬಂದದ್ದರಿಂದ ಅದನ್ನೂ ಹೇಳಬೇಕು. ಆ ಕಲ್ಪನೆಯ ಮೂಲ ತೋಳಗಳ ಅಧ್ಯಯನದಲ್ಲಿದೆ. ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದದ್ದು ಬೇಲಿಯೊಳಗೆ ಕೂಡಿಹಾಕಿದ್ದ ತೋಳಗಳ ಬಗ್ಗೆ. ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಡೇವಿಡ್ ಮೆಕ್, ಅಲ್ಲಿನ ಗುಂಪೆಂದರೆ ಸಾಮಾನ್ಯವಾಗಿ ತಂದೆ ತಾಯಿ ಮತ್ತು ಮಕ್ಕಳು, ಪಟ್ಟಕ್ಕಾಗಿ ಕಾದಾಡುವ ಸೈನ್ಯವಲ್ಲ ಎಂದು 1999ರಲ್ಲಿ ಸ್ಪಷ್ಟಪಡಿಸಿದರು. ತೋಳದ ಬಗ್ಗೆಯೇ ತಪ್ಪಾಗಿದ್ದ ಮಾತನ್ನು ಕತ್ರಿಗುಪ್ಪೆಯ ಭೀಮನ ಮೇಲೆ ಹೇರುವುದು ನ್ಯಾಯವಲ್ಲ.

"ಮೆತ್ತಗೆ ಕಲಿಸಿದರೆ ಆಗುವುದಿಲ್ಲ" ಎನ್ನುವ ತರಬೇತುದಾರರಿಗೆ ಇದನ್ನು ತಿಳಿಸಿ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದವರು ಕರೆದಾಗ ಬಾರದ ನಾಯಿಗಳನ್ನು, ಕುರಿಗಳನ್ನು ಅಟ್ಟುವಂಥವನ್ನು, ಒಟ್ಟು 63 ನಾಯಿಗಳನ್ನು ಗುಂಪು ಮಾಡಿ ಕಲಿಸಿ ನೋಡಿದರು. ವಿದ್ಯುತ್ ಕಾಲರಿನಿಂದ ಕಲಿಸಿದ ಗುಂಪು, ತಿನಿಸು ಮತ್ತು ಮೆಚ್ಚುಗೆಯಿಂದ ಕಲಿಸಿದ ಗುಂಪಿಗಿಂತ ಯಾವ ರೀತಿಯಲ್ಲೂ ಮುಂದಿರಲಿಲ್ಲ ಎಂದು 2020ರಲ್ಲಿ ಪ್ರಕಟಿಸಿದರು. ಅದೇ ವರ್ಷ ಪೋರ್ಚುಗಲ್ಲಿನ ಸಂಶೋಧಕರು 92 ಸಾಕುನಾಯಿಗಳನ್ನು ಪರೀಕ್ಷಿಸಿದರು. ಶಿಕ್ಷೆ ಬಳಸುವ ತರಬೇತಿ ಶಾಲೆಗಳಿಂದ ಬಂದವುಗಳ ಜೊಲ್ಲಿನಲ್ಲಿ ಪಾಠದ ನಂತರ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರಿತ್ತು. ಇನ್ನೊಂದು ಪರೀಕ್ಷೆ ನನ್ನ ಮನಸ್ಸಿನಲ್ಲಿ ಉಳಿದಿದೆ. ಕೋಣೆಯ ಒಂದು ಬದಿಯಲ್ಲಿಟ್ಟ ಬಟ್ಟಲಲ್ಲಿ ಸದಾ ತಿನಿಸು, ಇನ್ನೊಂದು ಬದಿಯದು ಸದಾ ಖಾಲಿ ಎಂದು ನಾಯಿಗಳಿಗೆ ಕಲಿಸಿ, ಆಮೇಲೆ ಬಟ್ಟಲನ್ನು ನಡುವೆ ಇಟ್ಟರು. ಹೆಚ್ಚು ಶಿಕ್ಷೆ ಕಂಡಿದ್ದ ನಾಯಿಗಳು ಅದರ ಕಡೆಗೆ ನಿಧಾನವಾಗಿ ನಡೆದವು. ಒಳ್ಳೆಯದೇನಾದರೂ ಸಿಕ್ಕೀತು ಎಂಬ ನಿರೀಕ್ಷೆಯೇ ಅವುಗಳಲ್ಲಿ ಕುಂದಿತ್ತು.

ಈಗ ಏನು ಮಾಡಬೇಕು ಎಂದು ಹೇಳುತ್ತೇನೆ. ಮೊದಲು ನಿಮ್ಮ ವೈದ್ಯರಲ್ಲಿ ಸೊಂಟ, ಮೊಣಕೈ, ಕಿವಿ ತೋರಿಸಿ, ಉಣ್ಣೆಹುಳ ಕಚ್ಚಿ ಬರುವ ಜ್ವರಕ್ಕೆ ರಕ್ತಪರೀಕ್ಷೆ ಬೇಕೇ ಎಂದು ಕೇಳಿ. ಎಲ್ಲೋ ನೋಯುತ್ತಿರುವ ನಾಯಿಗೆ ಯಾವ ಪಾಠವೂ ಹತ್ತುವುದಿಲ್ಲ. ಆಮೇಲೆ ಒಂದು ಹಾರ್ನೆಸ್ ತನ್ನಿ, ಎದೆಯ ಮುಂದೆಯೂ ಬೆನ್ನ ಮೇಲೂ ಕೊಂಡಿ ಇರುವಂಥದ್ದು. ಹಗ್ಗವನ್ನು ಎದೆಯ ಕೊಂಡಿಗೆ ಸಿಕ್ಕಿಸಿದರೆ ನಾಯಿ ಎಳೆದಾಗ ಅದರ ಮೈ ನಿಮ್ಮ ಕಡೆಗೆ ತಿರುಗುತ್ತದೆ, ಎಳೆಯುವುದರಲ್ಲಿ ಲಾಭ ಉಳಿಯುವುದಿಲ್ಲ. ಮೂತಿಗೆ ಹಾಕುವ ಪಟ್ಟಿಯೂ ಒಂದಿದೆ, ಆದರೆ ಅದನ್ನು ಒಗ್ಗಿಸಲು ವಾರಗಳೇ ಬೇಕು, ಭೀಮನಿಗೆ ಸದ್ಯ ಬೇಡ.

ಹಾರ್ನೆಸ್ ಬಂದ ದಿನವೇ ತೊಡಿಸಬೇಡಿ. ಅವನ ಊಟದ ತಟ್ಟೆಯ ಪಕ್ಕ ಇಡಿ. ಹಗ್ಗವನ್ನು ಮನೆಯ ಹಾಲ್‌ನ ನಡುವೆ ನೆಲದ ಮೇಲೆ ಹಾಕಿ, ಅದರ ಸುತ್ತ ಬೇಯಿಸಿದ ಕೋಳಿಯ ಚೂರುಗಳನ್ನು ಹರಡಿ. ಕೋಳಿ ಮನೆಯಲ್ಲಿ ಸಲ್ಲದಿದ್ದರೆ ಪನೀರ್ ಆಗುತ್ತದೆ, ಬೇಯಿಸಿದ ಗೆಣಸೂ ಆದೀತು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಹಾಕಿದ ಪದಾರ್ಥ ಇವು ಮಾತ್ರ ಬೇಡ, ನಾಯಿಗೆ ವಿಷ. ಅವನೇ ಬಂದು ಹಗ್ಗ ಮೂಸುವವರೆಗೆ ಕಾಯಿರಿ. ಕೊರಳಿಗೆ ಕೈ ಬಂದರೆ ನೋವು ಎಂದು ಕಲಿತಿದ್ದಾನೆ, ಅದನ್ನು ಅಳಿಸಲು ಅವಸರ ಮಾಡುವಂತಿಲ್ಲ.

ನಡೆಯುವ ಪಾಠ ಶುರುವಾಗಬೇಕಾದದ್ದು ಮನೆಯ ಹಾಲ್‌ನಲ್ಲಿ. ನಂತರ ಕಾರಿಡಾರ್, ನಂತರ ಯಾರೂ ಇಲ್ಲದ ಹೊತ್ತಿನಲ್ಲಿ ನೆಲಮಾಳಿಗೆಯ ಪಾರ್ಕಿಂಗ್, ಕೊನೆಗೆ ರಸ್ತೆ. ಹಗ್ಗ ಬಿಗಿಯಾದರೆ ನಿಂತುಬಿಡಿ. ಜಗ್ಗಬೇಡಿ, ಬೈಯಬೇಡಿ. ಅವನು ತಿರುಗಿ ಹಗ್ಗ ಸಡಿಲವಾದ ಕ್ಷಣ "ಸೈ" ಎಂದು ಹೇಳಿ, ನಿಮ್ಮ ಕಾಲಿನ ಪಕ್ಕದಲ್ಲೇ ಒಂದು ಚೂರು ಕೊಡಿ, ಮುಂದೆ ನಡೆಯಿರಿ. ಚೂರು ಕಡಲೆಕಾಳಿನಷ್ಟಿದ್ದರೆ ಸಾಕು, ಅಷ್ಟನ್ನು ರಾತ್ರಿಯ ಊಟದಲ್ಲಿ ಕಡಿಮೆ ಮಾಡಿ. ಲ್ಯಾಬ್ರಡಾರ್ ರಕ್ತ ಇರುವವನು, ಬೇಗ ಕೊಬ್ಬು ಕಟ್ಟುತ್ತದೆ. ಮತ್ತೆ, ಅವನಿಗೆ ಮೂಸಲು ಬಿಡಿ. ಒಂದು ಲೈಟುಕಂಬವನ್ನು ಅವನು ಎಷ್ಟು ಹೊತ್ತು ಮೂಸಿದರೂ ನಿಂತಿರಿ. ಈ ನಗರದಲ್ಲಿ ನಾಯಿಗೆ ದಿನವಿಡೀ ನಾಲ್ಕು ಗೋಡೆ, ವಾಕಿಂಗ್ ಅದರ ಪಾಲಿನ ಹೊರಗಿನ ಜಗತ್ತು.

ಹೆಲ್ಮೆಟ್ಟಿನ ಹುಡುಗನ ವಿಷಯದಲ್ಲಿ ಮುಖ್ಯವಾದದ್ದು ದೂರ. ಅವನು ಕಾಣುತ್ತಿರಬೇಕು, ಆದರೂ ಭೀಮ ನಿಮ್ಮ ಕೈಯಿಂದ ತಿನ್ನುತ್ತಿರಬೇಕು. ಅಷ್ಟು ದೂರದಲ್ಲಿ ನಿಲ್ಲಿ. ಕೋಳಿಯ ಚೂರನ್ನೂ ಮುಟ್ಟದಿದ್ದರೆ ನೀವು ತೀರಾ ಹತ್ತಿರ ಬಂದಿದ್ದೀರಿ ಎಂದು ಅರ್ಥ. ಮೊದಲು ಹುಡುಗ ಕಾಣಲಿ, ಆಮೇಲೆ ತಿನಿಸು ಬರಲಿ. ಹುಡುಗ ಮರೆಯಾದರೆ ತಿನಿಸೂ ನಿಲ್ಲಲಿ. ಈ ಕ್ರಮ ತಪ್ಪಿದರೆ ಕೆಲಸವಾಗುವುದಿಲ್ಲ. ದಿನ ಕಳೆದಂತೆ ಹೆಲ್ಮೆಟ್ ಕಂಡ ಕೂಡಲೇ ಅವನು ನಿಮ್ಮ ಮುಖ ನೋಡುತ್ತಾನೆ. ಅಲ್ಲಿಂದ ಒಂದೊಂದೇ ಹೆಜ್ಜೆ ಹತ್ತಿರವಾಗಿ. ನಾಲಿಗೆಯಿಂದ ಮೂತಿ ಸವರುವುದು, ನಿದ್ದೆಯಿಲ್ಲದೆ ಆಕಳಿಸುವುದು, ತಲೆ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು ಕಂಡರೆ ಹಿಂದಕ್ಕೆ ಬನ್ನಿ.

ಕತ್ರಿಗುಪ್ಪೆ ಓದುಗಿ

ಡಾಕ್ಟರಮ್ಮ, ಹೇಗೆ ಕೃತಜ್ಞತೆ ಹೇಳಲಿ! ಕಾಲರನ್ನು ತೆಗೆದೆ. ಮೊನೆಗಳಿದ್ದ ಜಾಗದಲ್ಲಿ ಕೂದಲ ಕೆಳಗೆ ಚರ್ಮ ಕೆಂಪಾಗಿತ್ತು. ಮನೆಯವರಿಗೆಲ್ಲ ತೋರಿಸಿದೆ, ಈಗ ಯಾರೂ ಎದುರಾಡುತ್ತಿಲ್ಲ. ಎರಡು ತೊಡಕು ಉಳಿದಿವೆ. ನಮ್ಮದು ಮೂರನೇ ಮಹಡಿ, ಲಿಫ್ಟಿನಲ್ಲಿ ದೂರ ಎಲ್ಲಿಂದ ಬರಬೇಕು? ಇನ್ನೊಂದು ಬೀದಿ ನಾಯಿಗಳು. ನಾವು ದೂರ ನಿಂತರೂ ಅವೇ ಎದ್ದು ಬರುತ್ತವೆ. ಅಪಾರ್ಟ್‌ಮೆಂಟಿನ ಸಂಘದವರೂ ನಾಯಿಯನ್ನು ಲಿಫ್ಟಿನಲ್ಲಿ ತರಬೇಡಿ ಎಂದು ನೋಟಿಸ್ ಅಂಟಿಸಿದ್ದಾರೆ.

ಉತ್ತರ: ಯಲಹಂಕದ ನಾಯಿ ನಡೆಸುವವ

ಅಕ್ಕಾ, ಬೀದಿ ನಾಯಿಗಳ ವಿಷಯ ನಾನು ಹೇಳುತ್ತೇನೆ, ನನ್ನ ಜೀವನವೇ ಇದು. ಕಚೇರಿಗೆ ಹೋಗುವವರ ನಾಯಿಗಳನ್ನು ನಡೆಸುವುದು ನನ್ನ ಕೆಲಸ. ಬೀದಿ ನಾಯಿಗಳು ಚುರುಕಾಗಿರುವುದು ನಸುಕಿನಲ್ಲಿ ಮತ್ತು ರಾತ್ರಿ. ಬೆಳಗ್ಗೆ ಹತ್ತರ ಮೇಲೆ ಬಿಸಿಲು ಏರಿದಂತೆ ಅವು ಕಾರಿನ ಅಡಿಯಲ್ಲಿ ಮಲಗಿಬಿಡುತ್ತವೆ. ಆ ಹೊತ್ತಿನಲ್ಲಿ ನೆರಳಿರುವ ಬದಿಯಲ್ಲಿ ಹೋಗಿ. ಏಪ್ರಿಲ್ ಬಿಸಿಲಿನಲ್ಲಾದರೆ ಡಾಂಬರಿಗೆ ಮೊದಲು ನಿಮ್ಮ ಅಂಗೈ ಒತ್ತಿ ನೋಡಿ, ನಿಮಗೆ ಸುಡುವುದು ಅವನ ಪಾದಕ್ಕೂ ಸುಡುತ್ತದೆ.

ನಿಮ್ಮ ಬೀದಿಯ ನಾಯಿಗಳಿಗೆ ಯಾರೋ ಒಬ್ಬರು ಊಟ ಹಾಕುತ್ತಿರುತ್ತಾರೆ, ಅವರನ್ನು ಪರಿಚಯ ಮಾಡಿಕೊಳ್ಳಿ. ಯಾವ ನಾಯಿ ಸಾಧು, ಯಾವುದು ಗಡಿ ಕಾಯುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಭೀಮನನ್ನು ಬಿಟ್ಟು ನೀವೊಬ್ಬರೇ ನಂದಿನಿ ಬೂತಿಗೆ ಹೋಗುವಾಗ ಅವುಗಳಿಗೆ ಒಂದು ಹಿಡಿ ನಾಯಿತಿಂಡಿ ಹಾಕಿ ಬನ್ನಿ. ನಿಮ್ಮ ವಾಸನೆ ಪರಿಚಯವಾದರೆ ಅರ್ಧ ಕೆಲಸ ಆದಂತೆ. ಎದುರಾದರೆ ನೇರ ನಡೆಯಬೇಡಿ, ಕಣ್ಣಿಟ್ಟು ನೋಡಬೇಡಿ, ಬಿಲ್ಲಿನಂತೆ ಬಳಸಿ ಹೋಗಿ. ಹತ್ತಿರ ಬಂದೇಬಿಟ್ಟರೆ ಜೇಬಿನಲ್ಲಿರುವ ತಿಂಡಿಯನ್ನು ಅವುಗಳ ಹಿಂದಕ್ಕೆ ಎರಚಿ, ಅವು ಮೂಸುವಷ್ಟರಲ್ಲಿ ನೀವು ದಾಟಬಹುದು. ಕಲ್ಲು ಎತ್ತಬೇಡಿ. ಎತ್ತಿದ ಕೈ ಕಂಡರೆ ಭೀಮನೂ ಬೆದರುತ್ತಾನೆ.

ತಾನೇ ಸುತ್ತಿಕೊಳ್ಳುವ ಉದ್ದ ದಾರದ ಹಗ್ಗ ನಮ್ಮ ರಸ್ತೆಗಳಿಗೆ ಬೇಡವೇ ಬೇಡ. ಎರಡು ಮೀಟರಿನ ಗಟ್ಟಿ ಹಗ್ಗ ಸಾಕು. ದೀಪಾವಳಿಯ ಆಸುಪಾಸಿನ ದಿನಗಳಲ್ಲಿ ಹಾರ್ನೆಸ್ಸಿಗೂ ಸಾದಾ ಕಾಲರಿಗೂ ಎರಡೂ ಕಡೆ ಕೊಂಡಿ ಹಾಕಿ, ಪಟಾಕಿಗೆ ಬೆದರಿದ ನಾಯಿ ಹಾರ್ನೆಸ್ಸಿನಿಂದಲೂ ನುಣುಚಿಕೊಂಡು ಓಡುತ್ತದೆ. ಸಾದಾ ಕಾಲರಿನಲ್ಲಿ ನಿಮ್ಮ ಫೋನ್ ನಂಬರಿನ ಬಿಲ್ಲೆ ಇರಲಿ.

ಉತ್ತರ: ವಿಜಯನಗರದ ಹಿರಿಯ

ಡಾಕ್ಟರಮ್ಮ ಹೇಳಿದ ಕಣ್ಣಿನ ಒತ್ತಡದ ವಿಷಯ ನನಗೆ ಹೊಸದು. ನಮ್ಮ ಈಗಿನ ಹೆಣ್ಣುನಾಯಿಗೆ ಒಂಬತ್ತು ವರ್ಷ, ಇಷ್ಟು ವಯಸ್ಸಾದ ಮೇಲೂ ಹಾರ್ನೆಸ್ಸಿಗೆ ಒಗ್ಗುತ್ತದೆಯೇ?

ಉತ್ತರ: ನಿವೃತ್ತ ಪಶುವೈದ್ಯೆ, ಮಲ್ಲೇಶ್ವರ

ಖಂಡಿತ ಒಗ್ಗುತ್ತದೆ, ಸರ್. ವಯಸ್ಸಾದ ನಾಯಿಗೆ ಹಾರ್ನೆಸ್ ಇನ್ನೂ ಹೆಚ್ಚು ಬೇಕು. ತಲೆಯ ಮೇಲಿಂದ ತೊಡಿಸುವಂಥದ್ದನ್ನು ಬಿಟ್ಟು, ಕುತ್ತಿಗೆಯ ಬಳಿಯೂ ಕೊಂಡಿ ಬಿಚ್ಚುವಂಥದ್ದನ್ನು ಕೊಳ್ಳಿ, ಸಂಧಿನೋವಿರುವ ನಾಯಿಗೆ ಸುಲಭ.

ಲಿಫ್ಟಿನ ಬಗ್ಗೆ: ಸದ್ಯ ಮೆಟ್ಟಿಲು ಬಳಸಿ, ವೈದ್ಯರು ಸೊಂಟ ಸರಿಯಿದೆ ಎಂದರೆ ಮಾತ್ರ. ಲಿಫ್ಟೇ ಬೇಕಾದರೆ ಖಾಲಿ ಇರುವುದಕ್ಕೆ ಕಾದು ಹತ್ತಿ, ಭೀಮನನ್ನು ಮೂಲೆಗೆ ನಿಲ್ಲಿಸಿ ನೀವು ಬಾಗಿಲಿಗೂ ಅವನಿಗೂ ನಡುವೆ ನಿಲ್ಲಿ. ಬಾಗಿಲು ತೆರೆಯುವ ಸದ್ದಾದ ಕೂಡಲೇ ತಿನಿಸನ್ನು ಅವನ ಮೂಲೆಯಲ್ಲೇ ನೆಲಕ್ಕೆ ಹಾಕಿ. ಎದುರಿಗೆ ಯಾರಾದರೂ ಇದ್ದರೆ "ದಯವಿಟ್ಟು ಮುಂದಿನದರಲ್ಲಿ ಬನ್ನಿ" ಎಂದು ಕೇಳಲು ಸಂಕೋಚ ಬೇಡ. ಒಮ್ಮೆ ಹಾರಿದ್ದಾನೆ, ಆದ್ದರಿಂದ ಬುಟ್ಟಿಯಂಥ ಮೂತಿಕುಕ್ಕೆಯನ್ನೂ ಅಭ್ಯಾಸ ಮಾಡಿಸಿ. ಅದರಲ್ಲಿ ನಾಯಿ ಬಾಯಿ ತೆರೆದು ತೇಕಬಹುದು, ನೀರು ಕುಡಿಯಬಹುದು. ಬಾಯಿ ಬಿಗಿಯುವ ಬಟ್ಟೆಯದು ಬೇಡ, ಸೆಕೆಯಲ್ಲಿ ಅಪಾಯ. ಕುಕ್ಕೆಯೊಳಗೆ ಒಂದು ಚಮಚ ಮೊಸರು ಸವರಿ ಹಿಡಿಯಿರಿ, ಅವನೇ ಮೂತಿ ತೂರಿಸುತ್ತಾನೆ.

ಸಂಘದ ನೋಟಿಸಿಗೆ ಹೆದರಬೇಡಿ. ನಿವಾಸಿಗಳ ಸಂಘಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟನ್ನೂ ನಿರಾಕರಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರತಿಯನ್ನು ಅವರಿಗೆ ಕೊಡಿ, ಜೊತೆಗೆ ನೀವು ಏನೇನು ಎಚ್ಚರಿಕೆ ವಹಿಸುತ್ತಿದ್ದೀರಿ ಎಂದೂ ಬರೆದು ಕೊಡಿ. ಲಿಫ್ಟಿನಲ್ಲಿ ಬೆಚ್ಚಿಬಿದ್ದ ಆ ಹುಡುಗನ ಭಯವೂ ನಿಜವೇ. ಅವನು ಮತ್ತೆ ಬಂದರೆ ಊಟವನ್ನು ಕೆಳಗೆ ಸೆಕ್ಯೂರಿಟಿಯವರ ಬಳಿ ಬಿಡಲು ಹೇಳಿ.

ತರಬೇತುದಾರರ ವಿಷಯ. ಬೇರೆಯವರನ್ನು ಹುಡುಕುವಾಗ ನೇರವಾಗಿ ಕೇಳಿ: ನಾಯಿ ಸರಿಯಾಗಿ ಮಾಡಿದರೆ ಏನು ಕೊಡುತ್ತೀರಿ, ತಪ್ಪು ಮಾಡಿದರೆ ಏನು ಮಾಡುತ್ತೀರಿ? ಎರಡನೆಯದಕ್ಕೆ "ತಿದ್ದುತ್ತೇನೆ" ಎಂದಷ್ಟೇ ಹೇಳಿ ವಿವರಿಸದಿದ್ದರೆ ಬೇಡ. ನಾಯಿಯನ್ನು ಅವರ ಜಾಗಕ್ಕೆ ಬಿಟ್ಟುಹೋಗಿ, ಪಾಠ ನೋಡಲು ಬರಬೇಡಿ ಎಂದರೂ ಬೇಡ. ಪ್ರಾಣಿಗೆ ಅನಗತ್ಯ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ ಎಂದು ಹೇಳಲು ಹಿಂಜರಿಯಬೇಡಿ. ವೇಲ್ಸ್ 2010ರಲ್ಲೇ ವಿದ್ಯುತ್ ಕಾಲರುಗಳನ್ನು ನಿಷೇಧಿಸಿತು, ಜರ್ಮನಿ 2022ರಿಂದ ತರಬೇತಿಯಲ್ಲಿ ಮುಳ್ಳಿನ ಕಾಲರನ್ನು ನಿಷೇಧಿಸಿದೆ. ಅಲ್ಲಿಯೂ ದೊಡ್ಡ ನಾಯಿಗಳಿವೆ, ವಯಸ್ಸಾದ ಯಜಮಾನರಿದ್ದಾರೆ.

ಮಾವನವರಿಗೆ ಬೇಸರವಾಗದಿರಲಿ. ರಸ್ತೆಯಲ್ಲಿ ಸದ್ಯ ಅವರು ಹಗ್ಗ ಹಿಡಿಯುವುದು ಬೇಡ, ಆದರೆ ಮನೆಯ ಹಾಲ್‌ನಲ್ಲಿ ನಡೆಯುವ ಪಾಠ ಪೂರ್ತಿ ಅವರದೇ ಆಗಲಿ. ಕುರ್ಚಿಯಲ್ಲಿ ಕುಳಿತೇ "ಸೈ" ಎಂದು ತಿನಿಸು ಕೊಡಬಹುದು. ತಿನಿಸು ಕೊಡುವ ಕೈಯನ್ನು ಭೀಮ ಬಹಳ ಬೇಗ ಗುರುತಿಸುತ್ತಾನೆ. ಸಂಜೆ ನೀವು ಹಗ್ಗ ಹಿಡಿದು, ಅವರು ಪಕ್ಕದಲ್ಲಿ ನಡೆಯಲಿ.

ಕತ್ರಿಗುಪ್ಪೆ ಓದುಗಿ

ಮಾವನವರಿಗೆ ಓದಿ ಹೇಳಿದೆ, ಪನೀರ್ ಹೆಚ್ಚಲು ಈಗಲೇ ಚಾಕು ಕೇಳುತ್ತಿದ್ದಾರೆ. ಹಾರ್ನೆಸ್ ಯಾವ ಅಳತೆ ತರಬೇಕು? ಮುಂಗಾಲಿನ ಹಿಂದೆ ಎದೆಯ ಸುತ್ತಳತೆ 74 ಸೆಂಟಿಮೀಟರ್ ಬಂತು.

ಉತ್ತರ: ಯಲಹಂಕದ ನಾಯಿ ನಡೆಸುವವ

ಅಕ್ಕಾ, ಎಂ, ಎಲ್ ಎಂಬ ಅಕ್ಷರ ನಂಬಬೇಡಿ, ಒಂದೊಂದು ಕಂಪನಿಯದು ಒಂದೊಂದು ಅಳತೆ. 74 ಸೆಂಟಿಮೀಟರ್ ಅದರ ಹೊಂದಾಣಿಕೆಯ ನಡುಭಾಗಕ್ಕೆ ಬರುವಂಥದ್ದನ್ನು ಆರಿಸಿ. ಮುಂದಿನ ಪಟ್ಟಿ ಎದೆಮೂಳೆಯ ಮೇಲೆ ಇಂಗ್ಲಿಷಿನ ವೈ ಆಕಾರದಲ್ಲಿ ಕೂರಬೇಕು, ಭುಜಕ್ಕೆ ಅಡ್ಡ ಬರಬಾರದು. ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಮೊದಲ ದಿನಗಳಲ್ಲಿ ಮನೆಗೆ ಬಂದ ಮೇಲೆ ಕಂಕುಳಲ್ಲಿ ಚರ್ಮ ಉಜ್ಜಿದೆಯೇ ನೋಡಿ. ಅಳತೆ ಸರಿಹೋಗದಿದ್ದರೆ ಬದಲಿಸಿ ಕೊಡುತ್ತಾರೆಯೇ ಎಂದು ಅಂಗಡಿಯಲ್ಲಿ ಮೊದಲೇ ಕೇಳಿ, ಲ್ಯಾಬ್ರಡಾರ್ ಎದೆ ಅಗಲ, ಮೊದಲ ಸಲಕ್ಕೆ ಸರಿಯಾಗಿ ಕೂರುವುದು ಅಪರೂಪ.